ಕಾಲಡಿಯ ನೀರಿಗೆ ಕಾವಲು ಯಾರು?

1835ರಲ್ಲಿ ಕಲ್ಕತ್ತದ ಫೋರ್ಟ್ ವಿಲಿಯಂ ಕೋಟೆಯೊಳಗೆ ಸಿಹಿನೀರಿಗಾಗಿ ಒಂದು ಕೊಳವೆ ಕೊರೆಯಲು ಶುರುಮಾಡಿದರು. ಐದು ವರ್ಷ ಕೊರೆದರು, 481 ಅಡಿ ಇಳಿದರು. 1840ರಲ್ಲಿ ಕೆಲಸ ನಿಂತಾಗ ಬಯಸಿದ ನೀರು ಒದಗಿರಲಿಲ್ಲ. ಸಿಕ್ಕಿದ್ದು ಜೇಡಿ, ಮರಳು, ಕೊಳೆತ ಮರದ ತುಂಡು, ಪ್ರಾಣಿಗಳ ಮೂಳೆ. ಭೂವಿಜ್ಞಾನಿಗಳಿಗೆ ಆ ಕೊಳವೆ ದೊಡ್ಡ ನಿಧಿಯಾಯಿತು. ಗಂಗೆಯ ಮುಖಜಭೂಮಿ ಹೇಗೆ ಪದರಪದರವಾಗಿ ಕಟ್ಟಿಕೊಂಡಿತು ಎನ್ನುವುದಕ್ಕೆ ಚಾರ್ಲ್ಸ್ ಲಯೆಲ್ ತಮ್ಮ ಗ್ರಂಥದಲ್ಲಿ ಅದನ್ನೇ ಸಾಕ್ಷಿ ಕೊಟ್ಟರು. ನೀರು ಕೇಳಿದ ಊರಿಗೆ ಮಾತ್ರ ಅದರಿಂದ ಹನಿಯೂ ದಕ್ಕಲಿಲ್ಲ.

ಅದಾಗಿ ಒಂದೂಮುಕ್ಕಾಲು ಶತಮಾನದ ಮೇಲೆ ಕಳೆದಿದೆ. ಕೋಲ್ಕತ್ತ ಇಂದು ಮುಖ್ಯವಾಗಿ ಹೂಗ್ಲಿ ನದಿಯ ನೀರು ಕುಡಿಯುವ ಊರು. ಆದರೂ ನಗರದ ಕೆಳಗಿನ ಮರಳಿಗೆ ಸಾವಿರಾರು ಕೊಳವೆಗಳು ಇಳಿದಿವೆ. ಬೀದಿಬದಿಯ ಕೈಪಂಪು, ಪಾಲಿಕೆಯ ದೊಡ್ಡ ಕೊಳವೆಬಾವಿ, ಅಪಾರ್ಟ್‌ಮೆಂಟು, ಆಸ್ಪತ್ರೆ, ಹೋಟೆಲು, ಕಾರ್ಖಾನೆಗಳ ಖಾಸಗಿ ಪಂಪು ಎಲ್ಲವೂ ಅದೇ ಮರಳಿನಿಂದ ಎತ್ತುತ್ತವೆ. ಆ ನೀರಿನ ಮಟ್ಟ ಎಷ್ಟು, ರುಚಿ ಏನು, ಅದರಲ್ಲಿ ಕರಗಿರುವುದೇನು, ಅದು ಎತ್ತ ಹರಿಯುತ್ತಿದೆ ಎಂದು ನೋಡುವವರು ಇಲ್ಲದೆ ಇಲ್ಲ. ತಕರಾರು ಇರುವುದು ಬೇರೆ ಕಡೆ: ನೋಡುವ ಕಣ್ಣಿಗೂ ಪಂಪು ನಿಲ್ಲಿಸುವ ಕೈಗೂ ನಂಟು ಸಡಿಲ. ಅಂತರ್ಜಲದ ಉಸ್ತುವಾರಿ ಎಂದರೆ ಉಪಕರಣ, ಪ್ರಯೋಗಾಲಯ, ನಕಾಶೆ ಎಂದಷ್ಟೇ ತಿಳಿಯುವ ನಮಗೆ ಕೋಲ್ಕತ್ತದ ಕಥೆ ಹೇಳುವುದು ಇದನ್ನೇ.

ನದಿಯನ್ನು ನಂಬಿದ ಊರು

ಕೊಳವೆಯಲ್ಲಿ ಸೋತ ಕಲ್ಕತ್ತ ನದಿಯತ್ತ ತಿರುಗಿತು. ಊರಿನಿಂದ ಉತ್ತರಕ್ಕೆ, ಬ್ಯಾರಕ್‌ಪುರದ ಬಳಿಯ ಪಲ್ಟಾದಲ್ಲಿ ನೀರೆತ್ತಿ, ತಿಳಿಗೊಳಿಸಿ, ಮರಳಿನಲ್ಲಿ ಸೋಸಿ ಕಳಿಸುವ ವ್ಯವಸ್ಥೆ 1870ರ ಹೊತ್ತಿಗೆ ನಡೆಯತೊಡಗಿತು. ಆಗ ದಿನಕ್ಕೆ 60 ಲಕ್ಷ ಗ್ಯಾಲನ್. ಪೈಪು ತಲುಪದ ಕೇರಿಗಳು ಪುಕುರ್‌ಗಳನ್ನೇ, ಅಂದರೆ ಕೆರೆಕುಂಟೆಗಳನ್ನೇ ನೆಚ್ಚಿದ್ದವು. 1884ರಲ್ಲಿ ರಾಬರ್ಟ್ ಕಾಖ್ ಕಾಲರಾದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಗುರುತಿಸಿದ್ದು ಇದೇ ಊರಿನಲ್ಲಿ. ಜನ ಬಳಸುತ್ತಿದ್ದ ಕುಂಟೆಯ ನೀರಿನಲ್ಲೂ ಅದು ಅವರಿಗೆ ಸಿಕ್ಕಿತು. 1909ರಿಂದ 1911ರ ನಡುವೆ ಟಾಲಾದಲ್ಲಿ ನೆಲದಿಂದ 110 ಅಡಿ ಎತ್ತರಕ್ಕೆ ಉಕ್ಕಿನ ತೊಟ್ಟಿ ಎದ್ದಿತು. 90 ಲಕ್ಷ ಗ್ಯಾಲನ್ ಹಿಡಿಯುವ ಆ ತೊಟ್ಟಿ ಇಂದೂ ಕೆಲಸದಲ್ಲಿದೆ. 1980ರ ದಶಕದಲ್ಲಿ ದಕ್ಷಿಣಕ್ಕೆ ಗಾರ್ಡನ್ ರೀಚ್ ಘಟಕ ಬಂತು, 2010ರ ದಶಕದಲ್ಲಿ ಪೂರ್ವಕ್ಕೆ ಧಾಪಾ ಘಟಕ.

ನದಿಯೂ ನಿಶ್ಚಿಂತೆಯ ಮೂಲವಾಗಿರಲಿಲ್ಲ. ಹೂಗ್ಲಿಯಲ್ಲಿ ಸಮುದ್ರದ ಉಬ್ಬರ ಪಲ್ಟಾವನ್ನೂ ದಾಟಿ ಮೇಲೇರುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಸೊರಗಿದರೆ ಉಪ್ಪು ಮೇಲೆ ತಳ್ಳಿಕೊಂಡು ಬರುತ್ತದೆ. 1960ರ ದಶಕದಲ್ಲಿ ಪಲ್ಟಾದ ನೀರಿನಲ್ಲೇ ಉಪ್ಪಿನಂಶ ಏರಿ ನಗರಕ್ಕೆ ಆತಂಕ ತಂದಿತ್ತು. 1975ರಲ್ಲಿ ಕಾರ್ಯಾರಂಭ ಮಾಡಿದ ಫರಕ್ಕಾ ಬ್ಯಾರೇಜು 40 ಸಾವಿರ ಕ್ಯೂಸೆಕ್ಸ್ ವರೆಗೆ ಗಂಗೆಯ ನೀರನ್ನು ಭಾಗೀರಥಿ–ಹೂಗ್ಲಿಗೆ ತಿರುಗಿಸುವಂತೆ ರೂಪುಗೊಂಡದ್ದು ಮುಖ್ಯವಾಗಿ ಬಂದರಿನ ಹೂಳು ತೊಳೆಯಲು. ಅದರ ಜೊತೆಗೆ ಕುಡಿಯುವ ನೀರಿನ ಉಪ್ಪೂ ಇಳಿಯಿತು.

ಹಾಗಾದರೆ ಕೊಳವೆಬಾವಿ ಏಕೆ ಬೇಕಾಯಿತು? ಊರು ಪೈಪಿಗಿಂತ ಬೇಗ ಬೆಳೆಯಿತು, ಅದಕ್ಕೆ. 1984ರಲ್ಲಿ ಜಾದವ್‌ಪುರ, ಬೆಹಾಲಾ ಇದ್ದ ಸೌತ್ ಸಬರ್ಬನ್, ಗಾರ್ಡನ್ ರೀಚ್ ಈ ಮೂರು ಪುರಸಭೆಗಳು ಪಾಲಿಕೆಗೆ ಸೇರಿದವು. ವಾರ್ಡುಗಳು 100ರಿಂದ 141ಕ್ಕೆ ಏರಿದವು, ಈಗ 144. ದೇಶವಿಭಜನೆಯ ನಂತರ ನಿರಾಶ್ರಿತರ ಕಾಲೊನಿಗಳಾಗಿ ಬೆಳೆದ ದಕ್ಷಿಣದ ಬಡಾವಣೆಗಳಿಗೆ ಪಲ್ಟಾದ ನೀರು ದೂರದ ಮಾತು. ಈಸ್ಟರ್ನ್ ಮೆಟ್ರೋಪಾಲಿಟನ್ ಬೈಪಾಸಿನ ಉದ್ದಕ್ಕೂ ಬಹುಮಹಡಿಗಳು ಎದ್ದಾಗಲೂ ಕಟ್ಟಿದವರು ಮೊದಲು ಮಾಡಿದ ಕೆಲಸ ಕೊಳವೆ ಇಳಿಸಿದ್ದು. ನದಿಯ ನೀರು ಎಲ್ಲಿಗೆ ತಡವಾಗಿ ಬಂತೋ ಅಲ್ಲೆಲ್ಲ ನೆಲದ ನೀರು ಮೊದಲು ಬಂತು. ನದಿಯ ನೀರು ಬಂದ ಮೇಲೂ ಬಹಳ ಕಡೆ ಪಂಪು ನಿಲ್ಲಲಿಲ್ಲ.

ಜೇಡಿಯ ಮುಚ್ಚಳ

ಈ ನೀರನ್ನು ಅರಿಯಬೇಕಾದರೆ ಬೆಂಗಳೂರಿನ ನೆಲದ ತಿಳಿವಳಿಕೆಯನ್ನು ಸ್ವಲ್ಪ ಬದಿಗಿಡಬೇಕು. ನಮ್ಮಲ್ಲಿ ಕೊಳವೆ ಇಳಿಯುವುದು ಗ್ರಾನೈಟು–ನೈಸ್ ಬಂಡೆಗೆ. ನೀರು ಇರುವುದು ಬಂಡೆಯ ಬಿರುಕಿನಲ್ಲಿ. ಸಾವಿರ ಅಡಿ ಕೊರೆದರೂ ಬಿರುಕು ತಪ್ಪಿದರೆ ಧೂಳೇ ಗತಿ. ಕೋಲ್ಕತ್ತದ ಅಡಿಯಲ್ಲಿ ಕೊಳವೆಗೆ ಎಟುಕುವ ಆಳದಲ್ಲಿ ಬಂಡೆಯೇ ಇಲ್ಲ. ಮೇಲೆ ಸರಾಸರಿ 40 ಮೀಟರ್ ದಪ್ಪದ ಜೇಡಿ. ಅದರ ಕೆಳಗೆ, ಸುಮಾರು 60ರಿಂದ 180 ಮೀಟರ್ ಆಳದ ನಡುವೆ, ನೀರು ತುಂಬಿದ ಮರಳು ಮತ್ತು ಜಲ್ಲಿಯ ಪದರ. ಇದೇ ನಗರದ ಮುಖ್ಯ ಜಲಧರ. ಸಿಹಿನೀರಿನ ಈ ಪದರದ ಮೇಲೂ ಕೆಳಗೂ ಹಲವೆಡೆ ಸವಳು ನೀರು ಕೂತಿದೆ.

ಜೇಡಿಯ ನಡುವೆ ಕಪ್ಪು ಪೀಟ್ ಪದರಗಳಿವೆ, ಅಂದರೆ ಅರೆಕೊಳೆತ ಸಸ್ಯರಾಶಿ. 1864ರಲ್ಲಿ ಎಚ್. ಎಫ್. ಬ್ಲ್ಯಾನ್‌ಫರ್ಡ್ ಸಿಯಾಲ್ದಾದಲ್ಲಿ ಕೆರೆ ತೋಡಿದ ಜಾಗವನ್ನು ಪರಿಶೀಲಿಸಿ, ನೆಲದೊಳಗೆ ನೆಟ್ಟಗೆ ನಿಂತಿದ್ದ ಸುಂದರಿ ಮರದ ಬೊಡ್ಡೆಗಳನ್ನು ದಾಖಲಿಸಿದರು. ಇಂದು ಸುಂದರಬನದಲ್ಲಿ ಕಾಣುವ ಮರ ಅದು. ರೈಲು ನಿಲ್ದಾಣದ ಗದ್ದಲ ಇರುವ ಕಡೆ ಒಂದು ಕಾಲಕ್ಕೆ ಉಬ್ಬರದ ಕಾಡಿತ್ತು. ಹೂತುಹೋದ ಇಂಥ ಸಸ್ಯರಾಶಿ ನೀರಿನ ರಸಾಯನವನ್ನು ಹೇಗೆ ಬದಲಿಸುತ್ತದೆ ಎಂಬುದು ಮುಂದೆ ಬರುತ್ತದೆ.

ಈ ಜೇಡಿ ಡಬ್ಬಿಯ ಮುಚ್ಚಳದಂತೆ ಎರಡು ಕೆಲಸ ಮಾಡುತ್ತದೆ. ಮೇಲಿನ ಚರಂಡಿ, ಕಸ, ಕೊಳಕು ಸುಲಭವಾಗಿ ಕೆಳಗಿಳಿಯದಂತೆ ತಡೆಯುತ್ತದೆ. ಅದೇ ಹೊತ್ತಿಗೆ ಮಳೆಯನ್ನೂ ತಡೆಯುತ್ತದೆ. ವರ್ಷಕ್ಕೆ 1,600 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನ ಮುಖ್ಯ ಜಲಧರಕ್ಕೆ ಆ ಮಳೆಯಿಂದ ನೇರ ಸಿಗುವುದು ಅತ್ಯಲ್ಪ. ಅದಕ್ಕೆ ನೀರು ಬರುವುದು ದೂರದಿಂದ, ಉತ್ತರದಲ್ಲಿ ಜೇಡಿ ತೆಳುವಾಗಿ ಮರಳು ಮೇಲೆ ತೆರೆದುಕೊಳ್ಳುವ ಸೀಮೆಯಿಂದ. ಮನೆಯಂಗಳದಲ್ಲಿ ಇಂಗುಗುಂಡಿ ತೋಡಿ ಮಳೆನೀರು ಇಂಗಿಸಿ ಎಂಬ ನಮ್ಮ ಊರಿನ ಒಳ್ಳೆಯ ಸಲಹೆ ಕೋಲ್ಕತ್ತದ ಮಧ್ಯಭಾಗದಲ್ಲಿ ಹಾಗೆಯೇ ನಡೆಯದು. ಜೇಡಿಯನ್ನು ತೂತು ಮಾಡಿ ಕೊಳವೆಯಲ್ಲಿ ನೀರು ಇಳಿಸಬೇಕು. ಹಾಗೆ ಇಳಿಸುವ ನೀರು ಕೊಳಕಾಗಿದ್ದರೆ ಪ್ರಕೃತಿ ಕೊಟ್ಟ ಕಾವಲನ್ನು ನಾವೇ ಮುರಿದಂತೆ. ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಬಳಸುವುದೇ ಇಲ್ಲಿ ಹೆಚ್ಚು ಕ್ಷೇಮ.

ಬಂಗಾಳದಲ್ಲಿ ಸಣ್ಣ ಕೊಳವೆ ಇಳಿಸುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಯಂತ್ರವಿಲ್ಲ, ಬಿದಿರಿನ ಅಟ್ಟಣೆ ಅಷ್ಟೆ. ಕೆಳಗೆ ನಿಂತವರು ಬಿದಿರಿನ ಸನ್ನೆಗೋಲಿನಿಂದ ಕಬ್ಬಿಣದ ಪೈಪನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಅಟ್ಟಣೆಯ ಮೇಲೆ ಕೂತ ಮಿಸ್ತ್ರಿ ಪೈಪಿನ ಬಾಯಿಗೆ ಅಂಗೈ ಒತ್ತಿ, ಪೈಪು ಕೆಳಗಿಳಿಯುವಾಗ ಕೈ ಸಡಿಲಿಸುತ್ತಾನೆ. ಅವನ ಅಂಗೈಯೇ ಇಲ್ಲಿ ವಾಲ್ವು. ಪ್ರತಿ ಏಟಿಗೂ ಕೆಸರುನೀರು ಬಾಯಿಂದ ಉಕ್ಕಿ ಹೊರಗೆ ಬೀಳುತ್ತದೆ, ಪೈಪು ಒಂದಿಷ್ಟು ಇಳಿಯುತ್ತದೆ. ಬಂದ ಮರಳನ್ನು ಮಿಸ್ತ್ರಿ ಬೆರಳಲ್ಲಿ ಉಜ್ಜಿ ಬಣ್ಣ ನೋಡುತ್ತಾನೆ. ಬೂದು ಮರಳೋ ಕಂದು ಮರಳೋ? ಕಂದು ಮರಳಿನಲ್ಲಿ ಕೊಳವೆ ನಿಲ್ಲಿಸಿದರೆ ಆರ್ಸೆನಿಕ್ ಅಪಾಯ ಬಹಳ ಕಡಿಮೆ ಎಂದು ವಿಜ್ಞಾನಿಗಳೂ ಆಮೇಲೆ ಖಚಿತಪಡಿಸಿದ್ದಾರೆ. ನೀರಿನ ಉಸ್ತುವಾರಿಯ ಮೊದಲ ದಾಖಲೆ ಈ ಮರಳು. ಆದರೆ ಬಹುಪಾಲು ಕೊಳವೆಗಳಲ್ಲಿ ಅದು ಬರೆಹಕ್ಕಿಳಿಯದೆ ಮೋರಿಗೆ ಹರಿದುಹೋಗುತ್ತದೆ.

ಮಟ್ಟ ಇಳಿದಾಗ

ಅಂತರ್ಜಲ ನೋಡುವುದರಲ್ಲಿ ಎಲ್ಲಕ್ಕಿಂತ ಸರಳ ಕೆಲಸ ಮಟ್ಟ ಅಳೆಯುವುದು. ವೀಕ್ಷಣೆಗೆಂದೇ ಬಿಟ್ಟ ಕೊಳವೆಗೆ, ಪೀಜೋಮೀಟರಿಗೆ, ಟೇಪು ಇಳಿಸಿ ನೀರು ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳುವುದು. ಕೇಂದ್ರೀಯ ಅಂತರ್ಜಲ ಮಂಡಳಿ ದೇಶದಾದ್ಯಂತ ವರ್ಷಕ್ಕೆ ನಾಲ್ಕು ಸಲ ಇದನ್ನು ಮಾಡುತ್ತದೆ: ಜನವರಿ, ಮುಂಗಾರಿಗೆ ಮೊದಲು, ಆಗಸ್ಟ್, ನವೆಂಬರ್. ಪಶ್ಚಿಮ ಬಂಗಾಳದಲ್ಲಿ ರಾಜ್ಯದ ಜಲ ಅನ್ವೇಷಣಾ ನಿರ್ದೇಶನಾಲಯಕ್ಕೆ ತನ್ನದೇ ಬಾವಿಗಳ ಜಾಲವಿದೆ. ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಜಲವಿಜ್ಞಾನ ಯೋಜನೆಯಡಿ, ಮಟ್ಟವನ್ನು ತಾನೇ ದಾಖಲಿಸಿ ದೂರಕ್ಕೆ ಕಳಿಸುವ ಡಿಜಿಟಲ್ ಉಪಕರಣಗಳೂ ದೇಶದ ಬಾವಿಗಳಿಗೆ ಇಳಿಯುತ್ತಿವೆ.

ಈ ಅಳತೆಗಳು ಕೋಲ್ಕತ್ತದ ಬಗ್ಗೆ ಹೇಳಿರುವುದು ಸ್ಪಷ್ಟ. 1950ರ ದಶಕದ ಕೊನೆಯಿಂದ ಈ ಶತಮಾನದ ಆರಂಭದವರೆಗೆ ನಗರದ ಕೆಳಗಿನ ಒತ್ತಡದ ಮಟ್ಟ, ಅಂದರೆ ಜಲಧರದ ನೀರು ಕೊಳವೆಯಲ್ಲಿ ಏರಿ ನಿಲ್ಲುವ ಮಟ್ಟ, 7ರಿಂದ 11 ಮೀಟರಿನಷ್ಟು ಇಳಿದಿದೆ. ಒಂದು ಕಾಲಕ್ಕೆ ಈ ನೀರು ಒಟ್ಟಾರೆ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಿತ್ತು. ಎತ್ತುವುದು ಹೆಚ್ಚಾದ ಮೇಲೆ ನಗರದ ಮಧ್ಯ ಮತ್ತು ದಕ್ಷಿಣ ಭಾಗದ ಕೆಳಗೆ ತಗ್ಗೊಂದು ಉಂಟಾಗಿ, ಸುತ್ತಲ ನೀರು ಅತ್ತ ವಾಲತೊಡಗಿತು. ಸುತ್ತಲ ನೀರು ಎಂದರೆ ಸಿಹಿನೀರು ಮಾತ್ರವಲ್ಲ, ಪಕ್ಕದ ಸವಳೂ ಅದರೊಂದಿಗೆ ಬರುತ್ತದೆ. ದಿಕ್ಕು ಬದಲಾಯಿತೆಂದರೆ ಅಪಾಯವೂ ದಿಕ್ಕು ಬದಲಾಯಿಸಿತು ಎಂದೇ ಅರ್ಥ; ನಿನ್ನೆ ದೂರವಿದ್ದ ಕೊಳಕು ನಾಳೆ ಬಾವಿಯ ದಾರಿಯಲ್ಲಿರಬಹುದು.

ಬೆಂಗಳೂರಿಗೂ ಕೋಲ್ಕತ್ತಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿ ಕಾಣುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರು ಬೀದಿಗೆ ಬಂತು, ಪತ್ರಿಕೆ ತುಂಬ ಅದೇ ಸುದ್ದಿ. ಬಂಡೆಯ ನೀರು ತೀರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕೋಲ್ಕತ್ತದ ಮರಳು ಹಾಗೆ ಬರಿದಾಗುವುದಿಲ್ಲ. ಮಟ್ಟ ಹತ್ತು ಮೀಟರ್ ಇಳಿದರೂ ಪಂಪಿನಿಂದ ನೀರು ಬರುತ್ತಲೇ ಇರುತ್ತದೆ, ನಲ್ಲಿ ತಿರುಗಿಸಿದವನಿಗೆ ಯಾವ ಸೂಚನೆಯೂ ಸಿಗುವುದಿಲ್ಲ. ಉಪ್ಪು ಮೆಲ್ಲಗೆ ಏರುತ್ತದೆ, ಹರಿವು ಮೆಲ್ಲಗೆ ಹೊರಳುತ್ತದೆ, ನೆಲ ಮೆಲ್ಲಗೆ ಕೂರುತ್ತದೆ. ತಾನಾಗಿ ಹೇಳಿಕೊಳ್ಳದ ಇಂಥ ನೀರಿಗೇ ಅಳತೆ ಹೆಚ್ಚು ಬೇಕು.

ನೆಲ ಕೂರುವುದು ಹೇಗೆ? ಮರಳಿನ ನೀರಿನ ಒತ್ತಡ ತಗ್ಗಿದಾಗ ಅದಕ್ಕೆ ತಗುಲಿದ ಜೇಡಿ ತನ್ನೊಳಗಿನ ನೀರನ್ನು ಬಿಟ್ಟುಕೊಟ್ಟು ಹಿಂಡಿಕೊಳ್ಳುತ್ತದೆ. ಹಾಗೆ ಹಿಂಡಿಕೊಂಡ ಜೇಡಿ ಬಹುಪಾಲು ಮತ್ತೆ ಮೊದಲಿನಂತೆ ಹಿಗ್ಗುವುದಿಲ್ಲ. ಕೋಲ್ಕತ್ತ ಮತ್ತು ಪೂರ್ವ ಕೋಲ್ಕತ್ತದ ಜೌಗುಭೂಮಿ ಕುರಿತು ಸಾಹು ಮತ್ತು ಸಿಕ್ದಾರ್ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒತ್ತಡದ ಮಟ್ಟ ಒಂದು ಮೀಟರ್ ಇಳಿದರೆ ನೆಲ ಮೂರು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಕೂರಬಹುದು. ಇದು ಅಂದಾಜು, ನೆಲದ ಮೇಲೆ ಅಳೆದದ್ದಲ್ಲ. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ, ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಊರಿಗೆ ಸೆಂಟಿಮೀಟರೂ ಸಣ್ಣದಲ್ಲ.

ಕಾಲಡಿಯ ನೀರು ತನ್ನ ಬಲವನ್ನು ಒಮ್ಮೆ ಎಲ್ಲರ ಕಣ್ಣೆದುರೇ ತೋರಿಸಿತು. 2019ರ ಆಗಸ್ಟ್ 31ರಂದು ಪೂರ್ವ–ಪಶ್ಚಿಮ ಮೆಟ್ರೋ ಸುರಂಗ ಕೊರೆಯುತ್ತಿದ್ದ ಯಂತ್ರ ಬೌಬಜಾರಿನ ಕೆಳಗೆ ನೀರಿನ ಪದರಕ್ಕೆ ತಾಗಿತು. ನೀರೂ ಮಣ್ಣೂ ಸುರಂಗಕ್ಕೆ ನುಗ್ಗಿದವು, ಮೇಲೆ ನೆಲ ಕುಸಿಯಿತು. ದುರ್ಗಾ ಪಿತುರಿ ಲೇನ್, ಶ್ಯಾಕ್ರಾಪಾಡಾ ಲೇನ್‌ಗಳ ಹಳೆಯ ಮನೆಗಳು ಬಿರುಕು ಬಿಟ್ಟವು, ಕೆಲವು ಉರುಳಿದವು. ನೂರಾರು ಜನ ಉಟ್ಟ ಬಟ್ಟೆಯಲ್ಲೇ ಹೊರಬಂದರು. 2022ರಲ್ಲಿ ಅಲ್ಲಿ ಮತ್ತೆ ಬಿರುಕು ಕಾಣಿಸಿತು. ಇದು ಕುಡಿಯುವ ನೀರಿನ ಪ್ರಕರಣವಲ್ಲ. ಆದರೂ ಎಷ್ಟನೇ ಅಡಿಯಲ್ಲಿ ಯಾವ ಪದರ, ಅದರಲ್ಲಿ ಎಷ್ಟು ಒತ್ತಡ ಎಂಬ ಮಾಹಿತಿ ನೀರು ಸರಬರಾಜಿನವರಿಗಷ್ಟೇ ಸೇರಿದ್ದಲ್ಲ ಎಂದು ಅದು ಕಲಿಸಿತು.

ಬೆಹಾಲಾದ ಪಾಠ

ಗುಣಮಟ್ಟದ ಮಾತಿಗೆ ಬಂದರೆ ಬಂಗಾಳದಲ್ಲಿ ಮೊದಲು ಬರುವ ಹೆಸರು ಆರ್ಸೆನಿಕ್. 1983ರಲ್ಲಿ ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮವೈದ್ಯ ಕೆ. ಸಿ. ಸಾಹಾ ಅವರ ಬಳಿಗೆ ಮೈಮೇಲೆ ಕಪ್ಪು ಚುಕ್ಕೆ, ಅಂಗೈ ಅಂಗಾಲಲ್ಲಿ ಗಡಸು ಗಂಟುಗಳಿದ್ದ ಹಳ್ಳಿಯ ರೋಗಿಗಳು ಬಂದರು. ಅವರು ಕುಡಿಯುತ್ತಿದ್ದದ್ದು ಕೊಳವೆಬಾವಿಯ ನೀರು. ಕಾಲರಾ, ಭೇದಿಗೆ ಹೆದರಿ ಕುಂಟೆ ಬಿಟ್ಟು ಕೊಳವೆಗೆ ಬಂದ ಜನಕ್ಕೆ ಕೊಳವೆಯಲ್ಲೇ ಪಾಷಾಣ ಕಾದಿತ್ತು. ಜಾದವ್‌ಪುರ ವಿಶ್ವವಿದ್ಯಾಲಯದ ಪರಿಸರ ಅಧ್ಯಯನ ವಿಭಾಗದಲ್ಲಿ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿಂದ ಮೂರು ದಶಕ ಜಿಲ್ಲೆ ಜಿಲ್ಲೆ ತಿರುಗಿ ಲಕ್ಷಾಂತರ ಬಾಟಲಿ ನೀರು ಪರೀಕ್ಷಿಸಿದರು. ಅವರ ಕೆಲಸ ನಮ್ಮ ರಾಜ್ಯಕ್ಕೂ ಮುಟ್ಟಿದೆ: ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಸೀಮೆಯಲ್ಲಿರುವ ಕಿರದಳ್ಳಿ ತಾಂಡಾದ ಆರ್ಸೆನಿಕ್ ರೋಗಿಗಳ ಬಗ್ಗೆ 2013ರಲ್ಲಿ ಬಂದ ಅಧ್ಯಯನದ ಹಿಂದೆಯೂ ಚಕ್ರವರ್ತಿ ಇದ್ದರು.

ಬಂಗಾಳದ ಆರ್ಸೆನಿಕ್ ಬಹುಪಾಲು ನೆಲದ್ದೇ. ಹಿಮಾಲಯದಿಂದ ಇಳಿದ ಮರಳಿನ ಕಣಕ್ಕೆ ಕಬ್ಬಿಣದ ತುಕ್ಕಿನ ತೆಳು ಲೇಪವಿದೆ, ಆರ್ಸೆನಿಕ್ ಅದಕ್ಕೆ ಅಂಟಿಕೊಂಡಿದೆ. ಹೂತುಹೋದ ಸಸ್ಯರಾಶಿಯನ್ನು ತಿನ್ನುವ ಸೂಕ್ಷ್ಮಾಣುಗಳು ಗಾಳಿಯಿಲ್ಲದ ಆ ಆಳದಲ್ಲಿ ತುಕ್ಕನ್ನು ಕರಗಿಸುತ್ತವೆ. ತುಕ್ಕು ಕರಗಿದರೆ ಆರ್ಸೆನಿಕ್ ನೀರಿಗೆ ಬೀಳುತ್ತದೆ. ಇದರ ಗುರುತು ಕೈಪಂಪಿನ ಕಟ್ಟೆಯ ಮೇಲೇ ಕಾಣುತ್ತದೆ. ಕಟ್ಟೆ ಕೆಂಪಾಗಿ ಕಲೆಗಟ್ಟಿದ್ದರೆ ನೀರಿನಲ್ಲಿ ಕಬ್ಬಿಣ ಕರಗಿದೆ, ಆರ್ಸೆನಿಕ್ ಜೊತೆಗಿರುವ ಶಂಕೆ ಹೆಚ್ಚು. ಕಪ್ಪಾಗಿದ್ದರೆ ಮ್ಯಾಂಗನೀಸ್, ಅಲ್ಲಿ ಕಬ್ಬಿಣದ ಲೇಪ ಇನ್ನೂ ಗಟ್ಟಿಯಾಗಿದ್ದು ಆರ್ಸೆನಿಕ್ ಬಿಗಿಯಾಗಿ ಕೂತಿರುತ್ತದೆ. ಇದು ಪರೀಕ್ಷೆಗೆ ಬದಲಿಯಲ್ಲ, ಯಾವ ಪಂಪನ್ನು ಮೊದಲು ಪರೀಕ್ಷಿಸಬೇಕು ಎನ್ನುವುದಕ್ಕೆ ಖರ್ಚಿಲ್ಲದ ಸುಳಿವು.

ಕೋಲ್ಕತ್ತದೊಳಗೆ ನಡೆದದ್ದು ಬೇರೆಯದೇ. ದಕ್ಷಿಣದ ಬೆಹಾಲಾದಲ್ಲಿ, ಪಿ. ಎನ್. ಮಿತ್ರ ಲೇನ್ ಆಸುಪಾಸಿನಲ್ಲಿ, 1980ರ ದಶಕದ ಕೊನೆಗೆ ಹಳ್ಳಿಗಾಡಿನದೇ ಚರ್ಮದ ಲಕ್ಷಣಗಳು ನಗರದ ಮನೆಗಳಲ್ಲಿ ಕಂಡವು. ಜಾದವ್‌ಪುರದವರು ಹುಡುಕಿದಾಗ ಮೂಲ ಸಿಕ್ಕಿದ್ದು ಸುಮಾರು ಎರಡು ದಶಕ ಪ್ಯಾರಿಸ್ ಗ್ರೀನ್ ಎಂಬ ಕೀಟನಾಶಕ ತಯಾರಿಸಿದ್ದ ಕಾರ್ಖಾನೆಯೊಂದರಲ್ಲಿ. ತಾಮ್ರ ಮತ್ತು ಆರ್ಸೆನಿಕ್ ಕೂಡಿದ ಹಸಿರು ಪುಡಿ ಅದು. ಅದರ ತ್ಯಾಜ್ಯ ಹೊರಗೆ ಹೋಗುತ್ತಿದ್ದ ಜಾಗದ ಹತ್ತಿರದ ಕೊಳವೆಗಳಲ್ಲಿ ಆರ್ಸೆನಿಕ್ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಕಾರ್ಖಾನೆಯ ಆಯುಷ್ಯ ಎರಡು ದಶಕ. ಅದು ಬಿಟ್ಟ ವಿಷದ ಆಯುಷ್ಯ ಎಷ್ಟೆಂದು ಆಗ ಯಾರೂ ಹೇಳುವಂತಿರಲಿಲ್ಲ.

ಇದಾದ ಮೇಲೆ ನಗರದ ನೀರಿನ ಬಗ್ಗೆ ಬಂದ ಎರಡು ದೊಡ್ಡ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಚಕ್ರವರ್ತಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು 141 ವಾರ್ಡುಗಳಿಂದ ತೆಗೆದ 4,210 ಕೈಪಂಪುಗಳ ಮಾದರಿಯ ಫಲ. ಶೇ. 14.2ರಷ್ಟು ಮಾದರಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು, ಶೇ. 5.2ರಲ್ಲಿ 50 ಮೀರಿತ್ತು. ಅಂಥ ವಾರ್ಡುಗಳು ಕ್ರಮವಾಗಿ 77 ಮತ್ತು 37. ದಕ್ಷಿಣ ಭಾಗದ ಸ್ಥಿತಿ ಉಳಿದದ್ದಕ್ಕಿಂತ ಕೆಟ್ಟದ್ದು. ಮರುವರ್ಷ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ಮ್ಯಾಕಾರ್ಥರ್, ಕೋಲ್ಕತ್ತದ ಪ್ರದೀಪ್ ಸಿಕ್ದಾರ್ ಮತ್ತು ಇತರರು ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು: ನಗರದಲ್ಲಿ ಆರ್ಸೆನಿಕ್ ಕಣ್ಮರೆಯಾಗುತ್ತಿದೆ, ಪ್ಯಾರಿಸ್ ಗ್ರೀನ್ ತಯಾರಿಸಿದ ಜಾಗದ ಸುತ್ತ ಮಾತ್ರ ಅದರ ಶೇಷ ಇನ್ನೂ ಇದೆ, ಈಗ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಮ್ಯಾಂಗನೀಸ್.

ಯಾವುದು ಸರಿ ಎಂದು ಪಂದ್ಯ ಕಟ್ಟುವುದರಲ್ಲಿ ಹುರುಳಿಲ್ಲ. ಬಾವಿಗಳು ಬೇರೆ, ಆಳ ಬೇರೆ, ವರ್ಷ ಬೇರೆ. ಕೆಟ್ಟದ್ದೆಂದು ಗೊತ್ತಾದ ಪಂಪು ಮುಚ್ಚಿದರೆ ಮುಂದಿನ ಸಮೀಕ್ಷೆಯಲ್ಲಿ ಅದು ಇರುವುದೇ ಇಲ್ಲ. ನೀರು ಹರಿಯುವ ದಿಕ್ಕು ಬದಲಾದರೆ ಅದೇ ಬಾವಿಯ ನೀರೂ ಬದಲಾಗುತ್ತದೆ. ಒಂದೇ ಬಾವಿಯನ್ನು ಒಂದೇ ವಿಧಾನದಿಂದ ಇಪ್ಪತ್ತು ವರ್ಷ ನೋಡಿದ ದಾಖಲೆ ಇದ್ದಿದ್ದರೆ ಎರಡು ವರದಿಗಳ ಅಂತರವನ್ನು ಮಧ್ಯಾಹ್ನದೊಳಗೆ ಬಗೆಹರಿಸಬಹುದಿತ್ತು. ಸಾವಿರ ಬಾವಿಯನ್ನು ಒಮ್ಮೆ ನೋಡುವುದಕ್ಕಿಂತ ನೂರು ಬಾವಿಯನ್ನು ಬಿಡದೆ ನೋಡುವುದು ಕಷ್ಟದ ಕೆಲಸ. ಅದಕ್ಕೆ ಸುದ್ದಿಯ ಬೆಲೆ ಇಲ್ಲ, ಪ್ರಬಂಧದ ಬೆಲೆಯೂ ಕಡಿಮೆ. ಹಾಗಾಗಿಯೇ ಅದನ್ನು ವಿಶ್ವವಿದ್ಯಾಲಯದ ಉತ್ಸಾಹಕ್ಕೆ ಬಿಡದೆ ಸರ್ಕಾರ ತನ್ನ ದಿನಚರಿ ಮಾಡಿಕೊಳ್ಳಬೇಕು.

ಮಾದರಿ ತೆಗೆಯುವುದರಲ್ಲೂ ಶಿಸ್ತು ಬೇಕು. ಪೈಪಿನಲ್ಲಿ ನಿಂತಿದ್ದ ಹಳೆ ನೀರು ಹೋಗುವವರೆಗೆ ಪಂಪು ಹೊಡೆದು, ಆಮೇಲೆ ಬಂದ ನೀರನ್ನು ಸೋಸಿ, ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಒಂದೆರಡು ಹನಿ ನೈಟ್ರಿಕ್ ಆಮ್ಲ ಹಾಕಬೇಕು. ಹಾಕದಿದ್ದರೆ ಗಾಳಿ ಸೋಕಿದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತದೆ, ಆರ್ಸೆನಿಕ್ಕನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಕೆಟ್ಟ ನೀರು ಒಳ್ಳೆಯದಾಗಿ ಹೊರಬರುತ್ತದೆ.

ಏನನ್ನು ಪರೀಕ್ಷಿಸಬೇಕು ಎಂಬ ಪಟ್ಟಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1992ರಲ್ಲಿ ಬ್ರಿಟಿಷ್ ಭೂಸರ್ವೇಕ್ಷಣಾ ಸಂಸ್ಥೆ ಬಾಂಗ್ಲಾದೇಶದ ಕೊಳವೆಬಾವಿಗಳನ್ನು ಪರೀಕ್ಷಿಸಿತು. ಅವರ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಆಮೇಲೆ ಕಾಯಿಲೆ ಬಿದ್ದವರ ಪರವಾಗಿ ಬ್ರಿಟನ್ನಿನಲ್ಲಿ ಹೂಡಿದ ದಾವೆ 2006ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬಿದ್ದುಹೋಯಿತು. ಕಾನೂನಿನಲ್ಲಿ ಸಂಸ್ಥೆ ಗೆದ್ದಿತು. ನೋಡದೆ ಬಿಟ್ಟದ್ದು ಇಲ್ಲವಾಗುವುದಿಲ್ಲ ಎಂಬ ಪಾಠ ಉಳಿಯಿತು. ಮ್ಯಾಂಗನೀಸ್ ಕಥೆಯೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅದಕ್ಕಿದ್ದ ಮಾರ್ಗಸೂಚಿ ಮಿತಿಯನ್ನು ಕೈಬಿಟ್ಟಿತು, 2021ರಲ್ಲಿ ಲೀಟರಿಗೆ 80 ಮೈಕ್ರೊಗ್ರಾಂ ಎಂಬ ತಾತ್ಕಾಲಿಕ ಮಿತಿಯನ್ನು ತಂದಿತು. ಭಾರತದ ಮಾನಕ 100 ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 300. ಆರ್ಸೆನಿಕ್ ಭಯಕ್ಕೆ ಕಪ್ಪು ಕಲೆಯ ಪಂಪಿಗೆ ಹೋದವರ ಕೊಡದಲ್ಲಿ ಏನಿದೆ ಎಂದೂ ನೋಡಬೇಕಾದ ಕಾಲ ಇದು.

ಪೈಪಿನ ದಾರಿಯಲ್ಲಿ

ನದಿಯ ನೀರು ಕುಡಿಯುವವರಿಗೆ ಅಂತರ್ಜಲದ ಗೊಡವೆ ಏಕೆ ಎಂದು ಕೇಳಬಹುದು. ಕೋಲ್ಕತ್ತದಲ್ಲಿ ನೀರು ಬಹುಪಾಲು ಹೊತ್ತಿಗೆ ಸರಿಯಾಗಿ ಬಿಟ್ಟು ನಿಲ್ಲಿಸುವ ಪದ್ಧತಿ. ನಿಂತ ಹೊತ್ತಿನಲ್ಲಿ ಪೈಪಿನ ಒತ್ತಡ ಬೀಳುತ್ತದೆ. ಜೋಡಣೆ ಸಡಿಲಾದ ಕಡೆ, ತುಕ್ಕು ತಿಂದ ಕಡೆ, ಸುತ್ತಲ ಮಣ್ಣಿನ ನೀರು ಒಳಗೆ ಸೇರುತ್ತದೆ. ಕೋಲ್ಕತ್ತದ ಜೇಡಿಯಲ್ಲಿ ಈ ಮೇಲ್ಪದರದ ನೀರು ನೆಲಕ್ಕೆ ಹತ್ತಿರ, ಮತ್ತು ಹಳೆಯ ಬಡಾವಣೆಗಳಲ್ಲಿ ಹತ್ತೊಂಬತ್ತನೇ ಶತಮಾನದ ಇಟ್ಟಿಗೆ ಒಳಚರಂಡಿ ಅದರ ನೆರೆಯಲ್ಲೇ ಇದೆ. ಮಳೆಗಾಲದಲ್ಲಿ ಬೀದಿ ಮುಳುಗಿದಾಗ ಪೈಪೂ ಚರಂಡಿಯೂ ಒಂದೇ ನೀರಿನಲ್ಲಿ ನಿಂತಿರುತ್ತವೆ. ಪಲ್ಟಾದಲ್ಲಿ ಶುದ್ಧವಾದ ನೀರು ಮನೆ ಮುಟ್ಟುವಾಗ ಶುದ್ಧವಾಗಿರಬೇಕಾದರೆ ಆಳದ ಜಲಧರದ ಜೊತೆಗೆ ಮೇಲ್ಪದರದ ನೀರಿನ ಮೇಲೂ ಕಣ್ಣಿಡಬೇಕು. ಧಾಪಾದ ಕಸದ ಗುಡ್ಡದ ಸುತ್ತ, ಹಳೆಯ ಕೈಗಾರಿಕಾ ಕೇರಿಗಳ ಸುತ್ತ ಇದು ಇನ್ನೂ ಜರೂರು.

ಅಳೆಯುವವರು, ಎತ್ತುವವರು

ಕಾನೂನಿಗೆ ಕೊರತೆಯಿಲ್ಲ. ಪಶ್ಚಿಮ ಬಂಗಾಳದ ಅಂತರ್ಜಲ ಸಂಪನ್ಮೂಲ ಕಾಯ್ದೆ 2005ರದ್ದು. ನಮ್ಮ ಕರ್ನಾಟಕದ ಕಾಯ್ದೆಗಿಂತ ಆರು ವರ್ಷ ಹಿರಿದು. ವಿದ್ಯುತ್ತಿನಿಂದ ಇಲ್ಲವೆ ಯಂತ್ರದಿಂದ ನೀರೆತ್ತುವ ಕೊಳವೆಗೆ ಅನುಮತಿ ಬೇಕು ಎನ್ನುವುದು ಅದರ ತಿರುಳು. ಮಟ್ಟ ಅಳೆಯುವುದು ಕೇಂದ್ರದ ಮಂಡಳಿ ಮತ್ತು ರಾಜ್ಯದ ನಿರ್ದೇಶನಾಲಯ. ನೀರು ಕೊಡುವುದು ಪಾಲಿಕೆ. ಮಾಲಿನ್ಯ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕಾಯಿಲೆ ನೋಡುವುದು ಆಸ್ಪತ್ರೆ. ಕಟ್ಟಡಕ್ಕೆ ನಕಾಶೆ ಮಂಜೂರು ಮಾಡುವುದು ಇನ್ನೊಂದು ವಿಭಾಗ. ಒಬ್ಬರ ಅಳತೆ ಇನ್ನೊಬ್ಬರ ಆದೇಶವಾಗಲು ಎಷ್ಟು ಮೇಜು ದಾಟಬೇಕು ಎನ್ನುವುದೇ ಪ್ರಶ್ನೆ.

ಎತ್ತಿದ ನೀರಿನ ಲೆಕ್ಕ ಇನ್ನೂ ಮಸುಕು. ಮಟ್ಟ ಏಕೆ ಇಳಿಯಿತು ಎಂದು ತಿಳಿಯಲು ಯಾವ ಪಂಪು ದಿನಕ್ಕೆ ಎಷ್ಟು ಎತ್ತುತ್ತದೆ ಎಂದು ಗೊತ್ತಿರಬೇಕು. ಕೋಲ್ಕತ್ತದಲ್ಲಿ ಮನೆಬಳಕೆಯ ನೀರಿಗೆ ಶುಲ್ಕವಿಲ್ಲ. ಮೀಟರು ಎಂದೊಡನೆ ಶುಲ್ಕ ಬಂತು ಎಂದು ಜನರೂ ಪಕ್ಷಗಳೂ ಬೆದರುತ್ತವೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಉತ್ತರದ 1ರಿಂದ 6ನೇ ವಾರ್ಡುಗಳಲ್ಲಿ ಮೀಟರು ಹಾಕಿ ಸೋರಿಕೆ ಹಿಡಿಯುವ ಪ್ರಯೋಗ ನಡೆದದ್ದು ಪೈಪಿನ ನೀರಿಗೆ. ಅದಕ್ಕಿಂತ ಮೊದಲು ಮೀಟರು ಬೇಕಾದದ್ದು ದೊಡ್ಡ ಖಾಸಗಿ ಕೊಳವೆಗಳಿಗೆ. ಬಡವರ ಕೈಪಂಪಿಗಲ್ಲ.

ಹೊರಗಿನ ಎರಡು ಊರುಗಳ ಅನುಭವ ಇಲ್ಲಿ ಪ್ರಸ್ತುತ. ಬ್ಯಾಂಕಾಕ್ ಕೂಡ ಮೆದು ಜೇಡಿಯ ಮೇಲೆ ಕೂತ ಊರು. 1980ರ ದಶಕದ ಆರಂಭದಲ್ಲಿ ಅದರ ಕೆಲವು ಭಾಗಗಳು ವರ್ಷಕ್ಕೆ 10 ಸೆಂ.ಮೀ.ಗೂ ಹೆಚ್ಚು ಕೂರುತ್ತಿದ್ದವು. ಅಲ್ಲಿ 1977ರಲ್ಲೇ ಅಂತರ್ಜಲ ಕಾಯ್ದೆ ಬಂದಿತ್ತು, ಆದರೆ ಬರೀ ಕಾಯ್ದೆಯಿಂದ ಕೆಲಸ ಆಗಲಿಲ್ಲ. 1985ರಿಂದ ನೆಲದ ನೀರಿಗೆ ಶುಲ್ಕ ಹಾಕಿ, 2004ರಲ್ಲಿ ಸಂರಕ್ಷಣಾ ಶುಲ್ಕವನ್ನೂ ಸೇರಿಸಿ, ಕೊಳವೆಯ ನೀರು ನಲ್ಲಿನೀರಿಗಿಂತ ದುಬಾರಿಯಾದಾಗ ಪಂಪುಗಳು ನಿಂತವು, ಮಟ್ಟ ಏರಿತು. ಟೋಕಿಯೋ 1956ರಿಂದ ಕಾನೂನು ಬಿಗಿಮಾಡುತ್ತ ಬಂದು ನೆಲ ಕೂರುವುದನ್ನು ನಿಲ್ಲಿಸಿತು. ಆಮೇಲೆ ನೀರು ಎಷ್ಟು ಮೇಲೆ ಬಂತೆಂದರೆ ಟೋಕಿಯೋ ನಿಲ್ದಾಣದ ನೆಲದಡಿಯ ಪ್ಲಾಟ್‌ಫಾರ್ಮು ತೇಲಿ ಏಳದಂತೆ ಲಂಗರು ಹಾಕಿ ಕಟ್ಟಬೇಕಾಯಿತು. ನೀರು ಇಳಿದಾಗ ಮಾತ್ರವಲ್ಲ, ಏರಿದಾಗಲೂ ಅಳತೆ ಬೇಕು. ಕೋಲ್ಕತ್ತ ಪಾಲಿಕೆ ನದಿಯ ನೀರು ತಲುಪಿಸಿ ಕೊಳವೆ ಮುಚ್ಚುತ್ತ ಹೋದರೆ ಈ ಸ್ಥಿತಿ ಅಲ್ಲಿಗೂ ಬರಬಹುದು. ಆಗ ಹೊರಳಿದ ಹರಿವು ಮತ್ತೆ ಹೊರಳುತ್ತದೆ, ಬೆಹಾಲಾದ ಶೇಷ ಎತ್ತ ಸಾಗುತ್ತದೆ ಎಂದು ಹೊಸದಾಗಿ ನೋಡಬೇಕಾಗುತ್ತದೆ.

ಹಾಗಾದರೆ ಕಾವಲು ಎಂದರೆ ಏನು? ಪ್ರತಿ ವಾರ್ಡಿನಲ್ಲಿ ಎರಡು ಆಳದ ಒಂದೊಂದು ಖಾಯಂ ವೀಕ್ಷಣಾ ಕೊಳವೆ. ಅದರಲ್ಲಿ ಮಟ್ಟ, ಉಪ್ಪು, ಆರ್ಸೆನಿಕ್, ಮ್ಯಾಂಗನೀಸ್, ಮಲದ ಬ್ಯಾಕ್ಟೀರಿಯಗಳ ನಿಗದಿತ ಪರೀಕ್ಷೆ. ದೊಡ್ಡ ಪಂಪುಗಳಿಗೆ ಮೀಟರು. ನೆಲದ ಮಟ್ಟದ ಅಳತೆ. ಹೊಸ ಕೊಳವೆ ಇಳಿದರೆ ಮಿಸ್ತ್ರಿಯ ಬೆರಳಿಗೆ ಬಂದ ಮರಳಿನ ದಾಖಲೆ. ಇವೆಲ್ಲ ವಾರ್ಡಿನ ಜನ ಓದುವಂತೆ ಬಂಗಾಳಿಯಲ್ಲಿ ಪ್ರಕಟಣೆ. ಮತ್ತು ಇಂತಿಷ್ಟು ದಾಟಿದರೆ ಇಂಥ ಅಧಿಕಾರಿ ಇಷ್ಟು ದಿನದೊಳಗೆ ಪಂಪು ನಿಲ್ಲಿಸಿ ಬೇರೆ ನೀರು ಕೊಡಬೇಕು ಎಂಬ ಬರೆದಿಟ್ಟ ನಿಯಮ. ಕೊನೆಯದು ಇಲ್ಲದಿದ್ದರೆ ಮೊದಲಿನವೆಲ್ಲ ಕಡತದ ಭಾರ.

ಇದು ಆಗದ ಕೆಲಸವೂ ಅಲ್ಲ. 1996ರ ಡಿಸೆಂಬರಿನಲ್ಲಿ ಭಾರತ ಮತ್ತು ಬಾಂಗ್ಲಾದೇಶ ಸಹಿ ಮಾಡಿದ ಗಂಗಾ ಒಪ್ಪಂದದಂತೆ ಜನವರಿಯಿಂದ ಮೇ ಕೊನೆಯವರೆಗೆ ಫರಕ್ಕಾದಲ್ಲೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯೂ ಎರಡು ದೇಶಗಳ ತಂಡಗಳು ಕೂಡಿ ದಿನವೂ ನೀರು ಅಳೆಯುತ್ತವೆ. ಹತ್ತು ಹತ್ತು ದಿನದ ಲೆಕ್ಕದಲ್ಲಿ ಹಂಚುತ್ತವೆ. ಮೂವತ್ತು ವರ್ಷದ ಆ ಒಪ್ಪಂದದ ಅವಧಿ 2026ರ ಡಿಸೆಂಬರಿಗೆ ಮುಗಿಯುತ್ತದೆ. ಹೊಸ ಹಂಚಿಕೆಯಲ್ಲಿ ಬೇಸಿಗೆಯ ಹೂಗ್ಲಿಗೆ ಎಷ್ಟು ಬರುತ್ತದೋ ಅದರ ಮೇಲೆ ಕೋಲ್ಕತ್ತಕ್ಕೆ ತನ್ನ ಜಲಧರದ ಮೇಲೆ ಎಷ್ಟು ಹೊರೆ ಹೊರಿಸಬೇಕಾಗುತ್ತದೆ ಎನ್ನುವುದು ನಿಂತಿದೆ. ಪರಸ್ಪರ ನೂರು ತಕರಾರಿರುವ ಎರಡು ದೇಶಗಳು ಒಂದೇ ಅಳತೆಗೋಲನ್ನು ಒಪ್ಪಿ ದಿನವೂ ನದಿಗೆ ಇಳಿಯಬಲ್ಲವಾದರೆ, ಒಂದೇ ರಾಜ್ಯದ, ಒಂದೇ ಊರಿನ ನಾಲ್ಕು ಕಚೇರಿಗಳು ಒಂದೇ ಬಾವಿಯ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯಲಾರವು ಎನ್ನಲು ಕಾರಣ ಸಾಲದು.